ಹಿತ್ತಲಿನ ಹಳೆ ನಳ

ಮನೆಯವರ ಗುಂಪಿಗೆ ಬೆಳಗ್ಗೆ ಒಂದು ವಿಡಿಯೋ ಬಂತು. ಕಳಿಸಿದವರು ಸಣ್ಣ ಕಾಕಾ. ಮೇಲೆ ಹೀಗೆ ಬರೆದಿತ್ತು: "ನೀರು ಬಂದ್ ಮಾಡದೇ ಮೇನ್ ಲೈನಿನಿಂದ ನಳ ಕಿತ್ತು ಹಾಕಿ! ಕಟ್ಟಿಗೆ ಗೂಟ, ಸೈಕಲ್ ಟ್ಯೂಬು ಸಾಕು."

ಸಣ್ಣ ಕಾಕಾ: ನಾನು ಮೊದಲೇ ಹೇಳಿದ್ದೆ, ಇದೇನು ದೊಡ್ಡ ಕೆಲಸ ಅಲ್ಲ. ಭಾನುವಾರ ಹುಬ್ಬಳ್ಳಿ ಮನೆಯ ಹಿತ್ತಲಿನ ನಳ ತೆಗೆದುಬಿಡೋಣ.

ಗದಗ ಅತ್ತಿ: ಒಳ್ಳೆಯ ಮಾಹಿತಿ. ನಮ್ಮ ಓಣಿಯವರಿಗೂ ಕಳಿಸಿದೆ.

ತಂಗಿ: ಕಾಕಾ, ಇದು ಯಾವ ಊರಿನದು? ಮಾಡಿದವರು ಯಾರು?

ಸಣ್ಣ ಕಾಕಾ: ನಿನಗೆ ಎಲ್ಲದಕ್ಕೂ ಸಾಕ್ಷಿ ಬೇಕು. ಮದುವೆ ಹಾಲ್ ಬುಕ್ ಮಾಡಿದಾಗಲೂ ನನ್ನ ಹತ್ತಿರ ರಸೀದಿ ಕೇಳಿದ್ದೆ.

ತಂಗಿ: ರಸೀದಿ ಇದ್ದದ್ದಕ್ಕೇ ಅಡ್ವಾನ್ಸ್ ವಾಪಸ್ ಬಂತು.

ದೊಡ್ಡಪ್ಪ: ಹಿರಿಯರ ಜೊತೆ ಹೀಗೆ ಮಾತಾಡಬಾರದು ಮಗಳೇ. ನೀರು ಅಂದರೆ ಗಂಗೆ. ಹಿಂದಿನವರು ಒಂದು ತಂಬಿಗೆ ನೀರಿನಲ್ಲಿ ಕೈಕಾಲು ಮುಖ ಎಲ್ಲ ತೊಳೆಯುತ್ತಿದ್ದರು.

ಅಷ್ಟರಲ್ಲಿ ನಾನು ವಿಡಿಯೋ ಪೂರ್ತಿ ನೋಡಿದೆ. ಗೂಟ ಬಡಿಯುವಾಗ ಪೈಪಿನಿಂದ ನೀರು ತೊಟ್ಟಿಕ್ಕುತ್ತಿದೆ, ಅಷ್ಟೇ. ಲೈನಿನಲ್ಲಿ ಒತ್ತಡವೇ ಇಲ್ಲ. ಉಳಿದ ಯಾರೂ ಕೊನೆಯವರೆಗೆ ನೋಡಿರಲಿಲ್ಲ.

ನಾನು: ಕಾಕಾ, ಊರಿಗೆ ನೀರು ಬಿಡುವ ಟ್ಯಾಂಕಿನ ನೀರು ನಮ್ಮ ಓಣಿಗಿಂತ 20 ಮೀಟರ್ ಎತ್ತರದಲ್ಲಿದ್ದರೆ ಒತ್ತಡ ಚದರ ಸೆಂಟಿಮೀಟರಿಗೆ 2 ಕೆಜಿ. ಅರ್ಧ ಇಂಚಿನ ಪೈಪಿನ ಬಾಯಿಗೆ ಬಡಿದ ಗೂಟವನ್ನು ಸುಮಾರು ಮೂರೂವರೆ ಕೆಜಿ ಬಲ ಹೊರಗೆ ದೂಡುತ್ತಿರುತ್ತದೆ. ಇವತ್ತು ನಿಲ್ಲಬಹುದು. ಕಟ್ಟಿಗೆ ಕೊಳೆತ ಮೇಲೆ?

ಸಣ್ಣ ಕಾಕಾ: ನೀರು ಬಿಡದ ದಿನ ಮಾಡಿದರಾಯ್ತು.

ನಾನು: ನನಗೆ ಹೆದರಿಕೆ ಇರುವುದೇ ಅದಕ್ಕೆ. 2008ರಲ್ಲಿ 24 ಗಂಟೆ ನೀರು ಶುರುವಾದ ವಾರ್ಡುಗಳಲ್ಲಿ ಪೈಪ್ ಸದಾ ತುಂಬಿರುತ್ತದೆ. ತೂತಾದರೆ ನೀರು ಹೊರಗೆ ಬರುತ್ತದೆ. ನಮ್ಮಲ್ಲಿ ಹಾಗಲ್ಲ. ನೀರು ನಿಂತ ಮೇಲೆ ಲೈನ್ ಖಾಲಿಯಾಗುತ್ತದೆ, ಆಗ ಅದೇ ತೂತು ಗಟಾರದ ನೀರನ್ನು ಒಳಗೆ ಎಳೆಯುತ್ತದೆ. ಮುಂದಿನ ಸಲ ನೀರು ಬಿಟ್ಟಾಗ ಅದು ಇಡೀ ಓಣಿಯ ಕೊಡಕ್ಕೆ ಹೋಗುತ್ತದೆ. ಸಣ್ಣ ಮಕ್ಕಳಿರುವ ಓಣಿ ಅದು.

ಧಾರವಾಡ ಅಣ್ಣ: ಅದೇ ನಳದ ಮುಂದೆ ನಾವೆಲ್ಲ ಪಾಳಿ ಹಚ್ಚಿದ್ದು ನೆನಪಿದೆಯಾ? ರಾತ್ರಿ ನೀರು ಬಂದರೆ ಅಜ್ಜಿ ಎಲ್ಲರನ್ನೂ ಎಬ್ಬಿಸುತ್ತಿದ್ದಳು. ಅಜ್ಜನ ಕಾಲಕ್ಕೆ ಉಣಕಲ್ ಕೆರೆ ನೀರಂತೆ. ನಮಗೆ ನೀರಸಾಗರ ಜಲಾಶಯದ್ದು. ಮಲಪ್ರಭೆ ನೀರಿಗೆ ಆ ರುಚಿ ಇಲ್ಲ ಬಿಡಿ.

ಗದಗ ಅತ್ತಿ: ಎಬ್ಬಿಸಿದ್ದು ಎಲ್ಲರನ್ನೂ ಅಲ್ಲ, ನನ್ನೊಬ್ಬಳನ್ನೇ. ಗಂಡುಮಕ್ಕಳು ಹೊದ್ದುಕೊಂಡು ಮಲಗಿರುತ್ತಿದ್ದರು.

ದೊಡ್ಡಪ್ಪ: ಈಗ ಆ ಮಾತೆಲ್ಲ ಯಾಕೆ? ಆ ನಳ ಇನ್ನೂ ನನ್ನ ಹೆಸರಿಗೇ ಇದೆ. ಹೊಸ ಕನೆಕ್ಷನ್ ತಮ್ಮ ತನ್ನ ಹೆಸರಿಗೆ ತಗೊಂಡ. ಹಳೆಯದರ ಬಿಲ್ ಮಾತ್ರ ನನಗೆ.

ಸಣ್ಣ ಕಾಕಾ: ಅದಕ್ಕೇ ಅಲ್ವಾ ಅಣ್ಣಾ, ಕಿತ್ತು ಹಾಕೋಣ ಅಂದಿದ್ದು!

ನಾನು: ಕಿತ್ತರೆ ಬಿಲ್ ನಿಲ್ಲಲ್ಲ ಕಾಕಾ, ಅದಕ್ಕೆ ಅರ್ಜಿ ಬೇಕು. ಮನೆ ಕಡೆ ಪ್ಲಗ್ ಹಾಕಿದರೂ ಸಾಲದು. ಮೇನಿನಿಂದ ಹಿತ್ತಲವರೆಗಿನ ಪೈಪಿನಲ್ಲಿ ನೀರು ಕೊಳೆಯುತ್ತದೆ. ಮೇನ್ ಪೈಪಿನ ಹತ್ತಿರವೇ ಅಗೆಯಬೇಕು. ಅಲ್ಲಿ ಮೇನ್ ಪೈಪಿಗೆ ಬಿಗಿದ ಪಟ್ಟಿ, ಅಂದರೆ ಸ್ಯಾಡಲ್ ಇರುತ್ತದೆ; ಅದರ ಮೇಲೆ ನಮ್ಮ ಪೈಪಿಗೆ ನೀರು ಕೊಡುವ ತಿರುಪಿನ ಜೋಡಣೆ, ಅಂದರೆ ಫೆರೂಲ್ ಇರುತ್ತದೆ. ಅದರ ತಿರುಪು ಕೆಳಗಿಳಿಸಿದರೆ ನಮ್ಮ ಸಣ್ಣ ಪೈಪಿಗೆ ಮಾತ್ರ ನೀರು ನಿಲ್ಲುತ್ತದೆ, ಮೇನ್ ನಡೆದೇ ಇರುತ್ತದೆ. ಆಮೇಲೆ ಪೈಪ್ ಬಿಚ್ಚಿ ಫೆರೂಲಿಗೆ ಕ್ಯಾಪ್ ಹಾಕುವುದು. ತಿರುಪು ಜಾಮ್ ಆಗಿದ್ದರೆ ಜೋರು ಮಾಡಬಾರದು. ಸ್ಯಾಡಲ್ ಸಮೇತ ಕಿತ್ತು ಬರುತ್ತದೆ. ಓಣಿಯ ವಾಲ್ವ್ ಬಂದ್ ಮಾಡಿಸಿಯೇ ಮುಟ್ಟಬೇಕು. ಅದು ನೀರು ಬಿಡುವವರ ಕೆಲಸ, ನಮ್ಮದಲ್ಲ.

ಗದಗ ಅತ್ತಿ: ಇಷ್ಟುದ್ದ ಯಾರು ಓದುತ್ತಾರೆ?

ತಂಗಿ: ನಾನು ಓದಿದೆ. ಅತ್ತಿ, ನೀವು ಓಣಿಯವರಿಗೆ ಕಳಿಸಿದ್ದನ್ನು ಮೊದಲು ಡಿಲೀಟ್ ಮಾಡಿ.

ಗದಗ ಅತ್ತಿ: ಮಾಡಿದೆ. ಒಬ್ಬರು ಆಗಲೇ ಗೂಟ ಕೆತ್ತುತ್ತಿದ್ದರು. ಫೋನ್ ಮಾಡಿ ಬೇಡ ಅಂದೆ.

ದೊಡ್ಡಪ್ಪ: ಅರ್ಜಿಗೆ ನಾನು ಸಹಿ ಹಾಕುತ್ತೇನೆ. ರಸ್ತೆ ಅಗೆಯುವ ಖರ್ಚು ಇಬ್ಬರಿಗೂ ಸಮ.

ಸಣ್ಣ ಕಾಕಾ: ಸಮ ಯಾಕೆ? ನಳ ನಿಮ್ಮ ಹೆಸರಿಗಿದೆ.

ನಾನು: ಖರ್ಚಿನ ಮಾತು ಆಮೇಲೆ. ಭಾನುವಾರ ಯಾರೂ ಗುದ್ದಲಿ ಹಿಡಿಯಬೇಡಿ. ಸೋಮವಾರ ಅರ್ಜಿ ಕೊಡೋಣ. ದೊಡ್ಡಪ್ಪ, ಹಳೆ ಬಿಲ್ಲಿನ ಫೋಟೋ ಹಾಕಿ.