386 ಪೀಸಿ: ವಿಜಿಎ ಕಾರ್ಡ್ ಹಾಕಿದರೆ ಬೂಟ್ ರೋಮ್ ಕಾಣಿಸುತ್ತಿಲ್ಲ, ಯಾಕೆ?

ಮಲ್ಲೇಶ್ವರ386:
ಎಲ್ಲರಿಗೂ ನಮಸ್ಕಾರ. ನಮ್ಮ ಅಪ್ಪ 90ರ ದಶಕದಲ್ಲಿ ಕನ್ನಡ ಸಂಘದ ಸದಸ್ಯರ ಪಟ್ಟಿಯನ್ನೆಲ್ಲ ಒಂದು 386ಎಸ್‌ಎಕ್ಸ್ ಮಷಿನ್ನಲ್ಲಿ ಇಟ್ಟಿದ್ದರು. ಡಾಸ್, ಡಿಬೇಸ್, ಕನ್ನಡಕ್ಕೆ ಸಿ-ಡ್ಯಾಕ್ ಜಿಸ್ಟ್ ಕಾರ್ಡ್. ಅಟ್ಟದಿಂದ ಇಳಿಸಿದ್ದೇನೆ, ಆನ್ ಆಗುತ್ತದೆ. ಆ ಪಟ್ಟಿಯನ್ನು ಅದೇ ಮಷಿನ್ನಲ್ಲಿ ಅಪ್ಪನಿಗೆ ತೋರಿಸಬೇಕು ಅಂತ ಆಸೆ.

ಹಳೆ ಹಾರ್ಡ್ ಡಿಸ್ಕ್ ಓದುತ್ತದೆ, ಆದರೆ ಸದ್ದು ಜೋರಾಗಿದೆ. ಅದಕ್ಕೇ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡ್ ಹಾಕೋಣ ಅಂತ. ಬೋರ್ಡಿನ ಬಯೋಸ್ (ಆನ್ ಮಾಡಿದಾಗ ಮೊದಲು ಓಡುವ ಪ್ರೋಗ್ರಾಂ) 504 ಎಂಬಿಗಿಂತ ದೊಡ್ಡ ಡಿಸ್ಕನ್ನು ಪೂರ್ತಿ ಬಳಸುವುದಿಲ್ಲ. ಹಾಗಾಗಿ ಎಕ್ಸ್‌ಟಿ-ಐಡಿಇ ಬಯೋಸನ್ನು (ದೊಡ್ಡ ಡಿಸ್ಕನ್ನೂ ಬಳಸಲು ಬಿಡುವ ಬಯೋಸ್) 27ಸಿ64 ರೋಮ್ ಚಿಪ್ಪಿಗೆ ಬರೆಸಿ, ಎಸ್.ಪಿ. ರೋಡಲ್ಲಿ ಸಿಕ್ಕ ಎನ್‌ಇ2000 ಥರದ ನೆಟ್‌ವರ್ಕ್ ಕಾರ್ಡಿನ ಬೂಟ್ ರೋಮ್ ಸಾಕೆಟ್ಟಿಗೆ ಹಾಕಿದೆ. ಮೆಮೊರಿಯಲ್ಲಿ ಅದರ ವಿಳಾಸ ಡಿ0000. ಗೆಳೆಯನ ಹತ್ತಿರದ 8 ಬಿಟ್ ವಿಜಿಎ (ಸ್ಕ್ರೀನಿನ ಕಾರ್ಡ್) ಹಾಕಿದರೆ ಆ ಚಿಪ್ಪಿನ ಮೆಸೇಜ್ ಬರುತ್ತದೆ. ನಮ್ಮ 16 ಬಿಟ್ ಟ್ರೈಡೆಂಟ್ ವಿಜಿಎ ಹಾಕಿದರೆ ಆ ಮೆಸೇಜ್ ಬರುವುದಿಲ್ಲ. ಚಿಪ್ ಸರಿ ಇದೆ, ಕಾರ್ಡೂ ಸರಿ ಇದೆ. ಮತ್ತೆ ಯಾಕೆ ಹೀಗೆ?

ರಾಜಾಜಿನಗರ_ಸರ್ವೀಸ್:
ಮೊದಲು ಒಂದು ಮಾತು. ಕೀಬೋರ್ಡ್ ಸಾಕೆಟ್ ಹತ್ತಿರ ಪೀಪಾಯಿ ಆಕಾರದ 3.6 ವೋಲ್ಟ್ ಬ್ಯಾಟರಿ ಇದ್ದರೆ ಇವತ್ತೇ ಕತ್ತರಿಸಿ ತೆಗೆಯಿರಿ. ಅದು ಸೋರಿದರೆ ಬೋರ್ಡಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಕಂಡರೆ ಬಿಳಿ ವಿನೆಗರ್ ಹಚ್ಚಿ, ಆಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಿರಿ. ತೆಗೆಯುವ ಮುಂಚೆ ಸೆಟಪ್ಪಿನಲ್ಲಿರುವ ಡಿಸ್ಕಿನ ಸಿಲಿಂಡರ್, ಹೆಡ್, ಸೆಕ್ಟರ್ ಲೆಕ್ಕ ಬರೆದಿಟ್ಟುಕೊಳ್ಳಿ. ಬ್ಯಾಟರಿ ಹೋದರೆ ಅದೂ ಮರೆತುಹೋಗುತ್ತದೆ.

ಈಗ ನಿಮ್ಮ ಪ್ರಶ್ನೆ. ನಾನು ಪೀಣ್ಯ, ರಾಜಾಜಿನಗರದ ಆಫೀಸುಗಳಿಗೆ ಸ್ಕೂಟರಲ್ಲಿ ಹೋಗಿ ಮಷಿನ್ ರಿಪೇರಿ ಮಾಡುತ್ತಿದ್ದವನು. ಸ್ಲಾಟಿನಲ್ಲಿ ಕೂತ ಕಾರ್ಡ್ ಕೆಲಸವನ್ನೂ ಮಾಡಲೇಬೇಕು ಅಂತ ಜನ ನಂಬುತ್ತಿದ್ದರು. ಐಎಸ್‌ಎಯಲ್ಲಿ, ಅಂದರೆ ಈ ಹಳೆ ಪೀಸಿಯ ಸ್ಲಾಟುಗಳಲ್ಲಿ, ಹಾಗಿಲ್ಲ. 1981ರ ಐಬಿಎಂ ಪೀಸಿಯಲ್ಲಿ ಸ್ಲಾಟ್ 8 ಬಿಟ್, 62 ಕಾಂಟ್ಯಾಕ್ಟ್. 1984ರ ಎಟಿಯಲ್ಲಿ ಅದರ ಮುಂದೆಯೇ ಇನ್ನೂ 36 ಸೇರಿಸಿ 16 ಬಿಟ್ ಮಾಡಿದರು. ಹಳೆ ಕಾರ್ಡೂ ನಡೆಯಬೇಕಲ್ವಾ? ಅದಕ್ಕೆ, 16 ಬಿಟ್ ಕಾರ್ಡ್ ಪ್ರತಿಸಲ ಒಂದು ತಂತಿ ಎಳೆದು "ನಾನು 16 ಬಿಟ್" ಅಂತ ಬೋರ್ಡಿಗೆ ಹೇಳಬೇಕು. ಮೆಮೊರಿಗೆ ಆ ತಂತಿ ಮೆಮ್‌ಸಿಎಸ್16.

ತೊಂದರೆ ಇರುವುದು ಇಲ್ಲೇ. ಅದನ್ನು ಬೇಗ ಹೇಳಬೇಕು, ಆದರೆ ಅಷ್ಟು ಬೇಗ ಕಾರ್ಡಿಗೆ ಕಾಣುವುದು ವಿಳಾಸದ ಮೇಲಿನ ಬಿಟ್‌ಗಳು ಮಾತ್ರ, 17ರಿಂದ ಮೇಲಕ್ಕೆ. ಅಂದರೆ ಉತ್ತರ ಏನಿದ್ದರೂ ಇಡೀ 128 ಕೆಬಿಗೆ ಒಂದೇ. ವಿಜಿಎ ಬಯೋಸ್ ಕೂರುವುದು ಸಿ0000ದಲ್ಲಿ, ನಿಮ್ಮ ಚಿಪ್ ಡಿ0000ದಲ್ಲಿ. ಎರಡೂ ಒಂದೇ 128 ಕೆಬಿ ಒಳಗೆ. ಹಾಗಾಗಿ ಟ್ರೈಡೆಂಟ್ ನಿಮ್ಮ ಚಿಪ್ಪಿನ ಪರವಾಗಿಯೂ "16 ಬಿಟ್" ಅಂದುಬಿಡುತ್ತದೆ. ಚಿಪ್ಪಿಗಿರುವುದು 8 ಡೇಟಾ ತಂತಿ. ಮೇಲಿನ ಅರ್ಧದಲ್ಲಿ ಬರುವುದು ಕಸ.

ಬೋರ್ಡ್ ಪ್ರತಿ 2 ಕೆಬಿಗೊಮ್ಮೆ 55, ಎಎ ಅನ್ನುವ ಎರಡು ಬೈಟ್ ಗುರುತು ಹುಡುಕುತ್ತದೆ. 55 ಸಿಗುತ್ತದೆ, ಎಎ ಜಾಗದಲ್ಲಿ ಕಸ ಸಿಗುತ್ತದೆ. ಇಲ್ಲಿ ರೋಮ್ ಇಲ್ಲ ಅಂತ ಮುಂದೆ ಹೋಗುತ್ತದೆ. ಗೆಳೆಯನ 8 ಬಿಟ್ ಕಾರ್ಡ್ ಆ ತಂತಿ ಮುಟ್ಟುವುದೇ ಇಲ್ಲ, ಅದಕ್ಕೇ ಅಲ್ಲಿ ಸರಿಹೋಯಿತು.

ಟ್ರೈಡೆಂಟ್ ಮೇಲೆ ಬಯೋಸನ್ನು 8 ಬಿಟ್ ಮಾಡುವ ಜಂಪರ್ (ಎರಡು ಪಿನ್ ಜೋಡಿಸುವ ಸಣ್ಣ ತುಂಡು) ಇದೆಯಾ ನೋಡಿ. ಇದ್ದರೆ ಅದೇ ಒಳ್ಳೆಯ ದಾರಿ. ಚಿತ್ರದ ಮೆಮೊರಿ ಎ0000ದಲ್ಲಿ, ಬೇರೆ 128 ಕೆಬಿಯಲ್ಲಿದೆ. ಅದು 16 ಬಿಟ್ಟಾಗಿಯೇ ಉಳಿಯುತ್ತದೆ, ಸ್ಕ್ರೀನ್ ನಿಧಾನ ಆಗುವುದಿಲ್ಲ. ಜಂಪರ್ ಇಲ್ಲದಿದ್ದರೆ ಕಾರ್ಡನ್ನು 8 ಬಿಟ್ ಸ್ಲಾಟಿಗೆ ಹಾಕಿ ನೋಡಬಹುದು, ಆದರೆ ಎಲ್ಲಾ ಕಾರ್ಡೂ ಒಪ್ಪುವುದಿಲ್ಲ, ಒಪ್ಪಿದರೂ ಸ್ಕ್ರೀನ್ ನಿಧಾನ.

ಮಲ್ಲೇಶ್ವರ386:
ಸಾರ್, ಜಂಪರ್ ಇತ್ತು! ಬದಲಾಯಿಸಿದ ತಕ್ಷಣ ಮೆಸೇಜ್ ಬಂತು. ತುಂಬಾ ಥ್ಯಾಂಕ್ಸ್. ಬ್ಯಾಟರಿಯನ್ನೂ ತೆಗೆದೆ. ಈಗ ನೆಟ್‌ವರ್ಕ್ ಡ್ರೈವರ್ ಲೋಡ್ ಮಾಡಿದರೆ ಮೌಸ್ ನಿಂತುಹೋಗುತ್ತದೆ. ಮೌಸ್ ಇರುವುದು ಸೀರಿಯಲ್ ಪೋರ್ಟ್ ಕಾಮ್2ರಲ್ಲಿ. ಕಾರ್ಡ್ ಪೋರ್ಟ್ 320, ಐಆರ್‌ಕ್ಯೂ (ಕಾರ್ಡ್ ಪ್ರೊಸೆಸರನ್ನು ಕರೆಯುವ ತಂತಿ) 3. ಸೌಂಡ್ ಬ್ಲಾಸ್ಟರ್ 16 ಕೂಡ ಹಾಕಬೇಕು ಅಂತಿದ್ದೇನೆ.

ರಾಜಾಜಿನಗರ_ಸರ್ವೀಸ್:
ಕಾಮ್2 ಇರುವುದೇ ಐಆರ್‌ಕ್ಯೂ 3ರಲ್ಲಿ. ನಿಮ್ಮದು 16 ಬಿಟ್ ನೆಟ್‌ವರ್ಕ್ ಕಾರ್ಡಾದರೆ 10ಕ್ಕೆ ಕಳಿಸಿ. 5ನ್ನು ಮುಟ್ಟಬೇಡಿ, ಅದು ಸೌಂಡಿಗೆ ಬೇಕು. ಪೋರ್ಟ್ 320 ಕೂಡ ಬೇಡ. ಈ ಕಾರ್ಡಿಗೆ 32 ಪೋರ್ಟ್ ಬೇಕು, 320 ಅಂದರೆ 33ಎಫ್ ತನಕ ಹಿಡಿಯುತ್ತದೆ. ಸೌಂಡ್ ಬ್ಲಾಸ್ಟರಿನ ಮಿಡಿ 330ರಲ್ಲಿ ಕೂರುತ್ತದೆ. 360 ಇಟ್ಟರೆ 378ರ ಪ್ರಿಂಟರ್ ಪೋರ್ಟಿಗೆ ತಾಗುತ್ತದೆ. 300 ಅಥವಾ 340 ಇಡಿ. ಇಎಂಎಂ386 (ಡಾಸ್ ಮೆಮೊರಿ ಮ್ಯಾನೇಜರ್) ಬಳಸುವುದಾದರೆ ಎಕ್ಸ್=ಡಿ000-ಡಿ1ಎಫ್‌ಎಫ್ ಅಂತ ಸೇರಿಸಿ, ಇಲ್ಲದಿದ್ದರೆ ನಿಮ್ಮ ರೋಮ್ ಮೇಲೆಯೇ ಮೆಮೊರಿ ಹಾಸಿಬಿಡಬಹುದು.

ಒಂದೊಂದೇ ಕಾರ್ಡ್ ಹಾಕಿ, ಒಂದೊಂದಕ್ಕೂ ಪೋರ್ಟ್, ಐಆರ್‌ಕ್ಯೂ, ಡಿಎಂಎ, ರೋಮ್ ವಿಳಾಸ ಹಾಳೆಯಲ್ಲಿ ಬರೆದು ಕ್ಯಾಬಿನೆಟ್ ಒಳಗೆ ಅಂಟಿಸಿ. ಜಿಸ್ಟ್ ಕಾರ್ಡ್ ಕೊನೆಗೆ. ಅದರ ಮೇಲಿನ ಜಂಪರ್‌ಗಳನ್ನು ಮುಟ್ಟುವ ಮುಂಚೆ ಫೋಟೋ ತೆಗೆದುಕೊಳ್ಳಿ.

ಇಸ್ಕಿ_ಪ್ರೇಮಿ:
ಹಾರ್ಡ್‌ವೇರ್ ವಿಚಾರ ಸಾರ್ ಹೇಳಿಯಾಯಿತು. ನನ್ನ ಕೋರಿಕೆ ಒಂದೇ, ಜಿಸ್ಟ್ ಕಾರ್ಡ್ ಹಾಕುವ ಮುಂಚೆಯೇ ಡಿಬೇಸಿನ ಡಿಬಿಎಫ್ ಫೈಲುಗಳನ್ನು ಕಾಪಿ ಮಾಡಿ ಹೊರಗೆ ತನ್ನಿ. ಸದ್ದು ಮಾಡುವ ಡಿಸ್ಕನ್ನು ನಂಬಬೇಡಿ.

ಜಿಸ್ಟ್‌ನ ಕನ್ನಡ ಇಸ್ಕಿ ಸಂಕೇತದಲ್ಲಿರುತ್ತದೆ. 1991ರಲ್ಲಿ ಅದು ಐಎಸ್ 13194 ಅಂತ ಭಾರತೀಯ ಮಾನಕ ಆಯಿತು. ಮೊದಲ 128 ಜಾಗ ಮಾಮೂಲಿ ಇಂಗ್ಲಿಷಿಗೆ, ಮೇಲಿನ 128ರಲ್ಲಿ ನಮ್ಮ ಅಕ್ಷರ. ಕನ್ನಡ, ತೆಲುಗು, ದೇವನಾಗರಿ ಎಲ್ಲಕ್ಕೂ "ಕ" ಒಂದೇ ಸಂಖ್ಯೆ. ಹೊಸ ಮಷಿನ್ನಲ್ಲಿ ಫೈಲ್ ತೆರೆದಾಗ ಚಿತ್ರವಿಚಿತ್ರ ಗುರುತು ಕಂಡರೆ ಹಾಳಾಗಿದೆ ಅಂತ ಎಸೆಯಬೇಡಿ. ವಿಂಡೋಸ್‌ನಲ್ಲಿ ಕನ್ನಡ ಇಸ್ಕಿಗೆ ಕೋಡ್ ಪೇಜ್ 57008 ಇದೆ. ಡಿಬಿಎಫ್‌ನಲ್ಲಿ ಪ್ರತಿ ಕಾಲಮ್ಮಿನ ಉದ್ದ ಗೊತ್ತಿರುತ್ತದೆ, ಹಾಗಾಗಿ ಒಂದು ಸಣ್ಣ ಸ್ಕ್ರಿಪ್ಟಿನಲ್ಲಿ ಪೂರ್ತಿ ಪಟ್ಟಿ ಯುನಿಕೋಡಿಗೆ ಬರುತ್ತದೆ. ಬರೆಯಲು ನಾನೇ ಸಹಾಯ ಮಾಡುತ್ತೇನೆ. ಮೊದಲ ನಾಲ್ಕು ಸಾಲಿನ ಬೈಟ್‌ಗಳನ್ನು ಇಲ್ಲಿ ಹಾಕಿ, ಹೆಸರು ವಿಳಾಸ ಇರುವ ಭಾಗ ಬಿಟ್ಟು.