ಹಾರೋದು ಯಾವ ಕಡೆಗೆ?

(ಗುಂಪು: ಸಿವಿಲ್ ಡಿಪ್ಲೊಮಾ 98 ಬ್ಯಾಚ್)

ಪ್ರಕಾಶ: [ವಿಡಿಯೊ] ಹಿಟಾಚಿ ಗುಡ್ಡದಿಂದ ಉರುಳಿದ್ದು ನೋಡಿ, ಹ್ಹಹ್ಹಹ್ಹಾ! ಆಪರೇಟರ್ ಹಾರ್ಲೇ ಇಲ್ಲ, ಪೆದ್ದ.

ಶೈಲಜಾ: ನಗೋದೇನೋ ಇದ್ರಲ್ಲಿ? ಒಳಗೆ ಮನುಷ್ಯ ಇದಾನೆ.

ಪ್ರಕಾಶ: ಸರಿ ತಾಯಿ, ತಪ್ಪಾಯ್ತು. ಆದ್ರೂ ಹಾರ್ಬಹುದಿತ್ತಲ್ವಾ?

ಗಣಪತಿ: ಯಾವ ಕಡೆಗೆ ಮಾರಾಯ? ಗಾಡಿ ವಾಲಿದ ಕಡೆಗೇ ನೀನೂ ಬೀಳ್ತೀಯ, ಹಿಂದೇನೇ ಇಪ್ಪತ್ತು ಟನ್ ಬರುತ್ತೆ. ಬೆಲ್ಟ್ ಹಾಕ್ಕೊಂಡು ಕ್ಯಾಬಿನ್ ಒಳಗಿದ್ರೇ ಬದುಕೋ ಸಾಧ್ಯತೆ ಜಾಸ್ತಿ. ನಮ್ಮಲ್ಲಿ ಬೆಲ್ಟನ್ನ ಸೀಟಿನ ಹಿಂದೆ ಗಂಟು ಹಾಕಿಟ್ಟಿರ್ತಾರೆ, ಅದು ಬೇರೆ ಮಾತು.

ಪ್ರಕಾಶ: ತುಂಬಿದ ಬಕೆಟ್ಟು ಚಾಚಿ ತಗ್ಗಿನ ಕಡೆ ತಿರುಗಿಸಿದ್ದು ಅವನೇ ತಾನೇ?

ಗಣಪತಿ: ಅದು ತಪ್ಪೇ. ಆದ್ರೆ ಹನ್ನೆರಡನೇ ಸೆಕೆಂಡಲ್ಲಿ ನಿಲ್ಸಿ ನೋಡು. ಬಕೆಟ್ ತಿರುಗೋ ಮುಂಚೇನೇ ಕೆಳಗಿನ ಚೈನು ಹೂತಿದೆ. ಅದು ಗಟ್ಟಿ ನೆಲ ಅಲ್ಲ, ಮೇಲಿಂದ ಕಡಿದು ಅಂಚಿಗೆ ತಳ್ಳಿದ ಸಡಿಲ ಮಣ್ಣು. ರೋಲರ್ ಹೊಡೆದಿಲ್ಲ.

ಸದಾನಂದ: ನಮ್ಮ ಕರಾವಳೀಲಿ ಇನ್ನೂ ಕಷ್ಟ. ಮೇಲೆ ಮುರಕಲ್ಲು ಅಂದ್ರೆ ಜಂಬಿಟ್ಟಿಗೆ, ಅಡಿಗೆ ಶೇಡಿ ಅನ್ನೋ ಜೇಡಿಮಣ್ಣು. ಬೇಸಿಗೇಲಿ ಕಲ್ಲಿನ ಹಾಗೆ, ನೀರು ಕುಡಿದ್ರೆ ಸೋಪು. ಅಂಕೋಲಾದ ಶಿರೂರು ನೆನಪಿದ್ಯಲ್ಲ, 2024ರ ಜುಲೈ 16?

ಪ್ರಕಾಶ: ಅಲ್ಲಿ ಕುಸಿದದ್ದು ಗುಡ್ಡ, ಯಂತ್ರ ಅಲ್ಲ.

ಸದಾನಂದ: ಹೌದು. ಹೆದ್ದಾರಿ 66ಕ್ಕೆ ಬುಡ ಕಡಿದ ಗುಡ್ಡ, ಗಂಗಾವಳಿ ನದಿವರೆಗೂ ಹೋಯ್ತು. ಅಂಥ ಬುಡದಲ್ಲೇ ಅಲ್ವಾ ಈ ಗಾಡಿಗಳು ದಿನಾ ನಿಲ್ಲೋದು?

ಶೈಲಜಾ: ಮಳೆ ಬಂತು, ನಿಲ್ಸ್ತೀನಿ ಅಂತ ಆಪರೇಟರ್ ಹೇಳೋ ಹಾಗಿದೆಯಾ? ಬಾಡಿಗೆ ಗಂಟೆ ಲೆಕ್ಕ. ಗಾಡಿ ನಿಂತ್ರೆ ಮಾಲೀಕನ ಫೋನು.

ಪ್ರಕಾಶ: ಎಲ್ಲದಕ್ಕೂ ಕಂಟ್ರಾಕ್ಟರೇ ಕಳ್ಳನಾ?

ಗಣಪತಿ: ಕಂಟ್ರಾಕ್ಟರ್ ಬಿಡು, ನಂದು ಕೇಳು. ನಾನಿದ್ದ ಒಂದು ಘಾಟ್ ರಸ್ತೆ ಕೆಲಸದಲ್ಲಿ ರೋಲರ್ ಅಂಚಿಂದ ಜಾರಿ ಹುಡುಗ ಹೋದ. ‘ಚಾಲಕನ ಅಜಾಗರೂಕತೆ’ ಅಂತ ವರದಿ ಬರೆದದ್ದು ನಾನೇ. ಅಂಚಿಗೆ ಮೊಣಕಾಲೆತ್ತರ ಮಣ್ಣಿನ ದಿಂಡು ಹಾಕ್ಸಿರ್ಲಿಲ್ಲ ಅಂತ ಬರೀಲಿಲ್ಲ.

ಶೈಲಜಾ: ಮನೆಯವರಿಗೆ ಏನಾದ್ರೂ ಸಿಕ್ತಾ? ಆಗಿದ್ದ 1923ರ ಪರಿಹಾರ ಕಾಯ್ದೇಲಿ ಸತ್ತವನದೇ ತಪ್ಪು ಅಂದ್ರೂ ಕೊಡ್ಲೇಬೇಕಿತ್ತು.

ಗಣಪತಿ: ಆಗ ನಂಗೆ ಗೊತ್ತಿರ್ಲಿಲ್ಲ. ಅವರಿಗೂ ಯಾರೂ ಹೇಳ್ಲಿಲ್ಲ.

(ಅರ್ಧ ಗಂಟೆ ಯಾರದ್ದೂ ಸದ್ದಿಲ್ಲ.)

ಪ್ರಕಾಶ: ಗಣಪ, ನಮ್ಮನೆ ಹಿಂದಿನ ಧರೆ ಕಡಿಯೋಕೆ ನಾಳೆ ಜೆಸಿಬಿಗೆ ಹೇಳಿದೀನಿ. ರಾತ್ರಿ ಮಳೆ ಬಿದ್ದಿದೆ.

ಗಣಪತಿ: ಫೋಟೊ ಕಳ್ಸು. ಬುಡದಲ್ಲಿ ನಿಲ್ಬೇಡ, ಪಕ್ಕದಿಂದ ತೆಗಿ.