ಕಥೆ ಹೇಳುವ ಹಿರಿಯರಿಗೆ ಸಂಭಾವನೆ ಹೊಂದಿಸುವ ಬಗೆ

ಪ್ರಶ್ನೆ (ಗದಗ): ನಮ್ಮ ಓಣಿಯ ಹಳೆಯ ಗೋದಾಮನ್ನು ಬಾಡಿಗೆಗೆ ಪಡೆದು, ಗೀಗೀಪದ, ಲಾವಣಿ ಹಾಗೂ ಜನಪದ ಕಥೆಗಳನ್ನು ಬಲ್ಲ ಸುತ್ತಲಿನ ಹಳ್ಳಿಗಳ ಹಿರಿಯರಿಗಾಗಿ ತಿಂಗಳಿಗೊಂದು ಸಂಜೆಯನ್ನು ಮೀಸಲಿಡುವ ಸಣ್ಣ ರಂಗಮನೆಯನ್ನು ನಡೆಸುತ್ತಿದ್ದೇವೆ. ಟಿಕೆಟ್ ಇಟ್ಟರೆ ಓಣಿಯವರು ಬರುವುದಿಲ್ಲ. ಇಡದಿದ್ದರೆ ಕಲಾವಿದರ ಬಸ್ ಖರ್ಚೂ ಹುಟ್ಟುವುದಿಲ್ಲ. ಅನುಭವವುಳ್ಳವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ (ಧಾರವಾಡ): ಮೊದಲು ಸಂಘವನ್ನು ನೋಂದಾಯಿಸಿರಿ. 1960ರ ಕರ್ನಾಟಕ ಸಂಘಗಳ ನೋಂದಣಿ ಅಧಿನಿಯಮದಂತೆ 7 ಮಂದಿ ಸೇರಿದರೆ ಸಾಕು. ಧನಸಹಾಯಕ್ಕೆ ಅರ್ಜಿ ಹಾಕುವಾಗ ನೋಂದಣಿ ಪತ್ರವೂ ಲೆಕ್ಕಪತ್ರವೂ ಬೇಕಾಗುತ್ತವೆ. ಆದರೆ ಅನುದಾನವೊಂದನ್ನೇ ನೆಚ್ಚಿ ಕೂರಬೇಡಿರಿ.

ಉತ್ತರ (ಹಾವೇರಿ): ಶ್ರಾವಣದ ಪುರಾಣಕ್ಕೆ ಒಂದೊಂದು ಮನೆತನದವರು ಒಂದೊಂದು ದಿನದ ದಾಸೋಹವನ್ನು ವಹಿಸಿಕೊಳ್ಳುವಂತೆ, ನಮ್ಮಲ್ಲಿ ಒಂದೊಂದು ಸಂಜೆಯ ಖರ್ಚನ್ನು ಒಂದೊಂದು ಮನೆಯವರು ಹೊರುತ್ತಾರೆ, ಅವರ ಹೆಸರನ್ನು ಬಾಗಿಲ ಬಳಿಯ ಕರಿಹಲಗೆಯ ಮೇಲೆ ಬರೆಯುತ್ತೇವೆ. ಪ್ರವೇಶ ಎಲ್ಲರಿಗೂ ಉಚಿತ. ಗೀಗೀ ಮೇಳದವರು ದಪ್ಪು ಎಂಬ ಚರ್ಮವಾದ್ಯವನ್ನು ಬೆಂಕಿಗೆ ಹಿಡಿದು ಬಿಸಿ ಮಾಡುವುದಕ್ಕೂ ಮೊದಲೇ ಸಂಭಾವನೆಯ ಲಕೋಟೆ ಅವರ ಕೈ ಸೇರಿರಬೇಕು. ಕಾರ್ಯಕ್ರಮ ಮುಗಿದ ಮೇಲೆ ಹಣಕ್ಕಾಗಿ ಹಿರಿಯರನ್ನು ಕಾಯಿಸುವುದು ಸಲ್ಲದು.

ಉತ್ತರ (ಗದಗ): ಗರುಡ ಸದಾಶಿವರಾಯರು ನಾಟಕ ಮಂಡಳಿ ಕಟ್ಟಿ ಬೆಳೆಸಿದ ಊರು ನಮ್ಮದು, ನೋಡುವವರಿಗೆ ಬರವಿಲ್ಲ. ಧ್ವನಿಮುದ್ರಣ ಮಾಡುವುದಾದರೆ ಮಾತ್ರ ಕಲಾವಿದರ ಒಪ್ಪಿಗೆಯನ್ನು ಬರಹದಲ್ಲಿ ಪಡೆದು, ಅದಕ್ಕೆ ಬೇರೆಯೇ ಹಣ ಕೊಡಿರಿ.